ಸೆಮಿ-ಆಟೋಮ್ಯಾಟಿಕ್ ರೈಫಲ್‌ಗೆ ಯಾವ ಪೌಡರ್? ಹ್ಯಾಂಡ್‌ಲೋಡ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ರೇಂಜುಗಳಲ್ಲಿ ಗುರಿ ಅಭ್ಯಾಸ ಮಾಡುವ ಓದುಗರು ತಮ್ಮ ತೋಟಾಗಳನ್ನು ತಾವೇ ತುಂಬಿಸಿಕೊಳ್ಳುವ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೊಸಬರಿಗೆ ಒಂದು ಸಾಲು: ತೋಟಾ ಎಂದರೆ ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಪೌಡರ್, ತುದಿಯಲ್ಲಿ ಬುಲೆಟ್; ತುಂಬುವ ಪೌಡರ್‌ನ ತೂಕವೇ ಚಾರ್ಜ್, ಇವೆಲ್ಲ ಸೇರಿದ ಪಾಕವೇ ಲೋಡ್. ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ: ಯಾವ ತೋಟಾಕ್ಕೆ ಎಷ್ಟು ಗ್ರೇನ್ (ಪೌಡರ್, ಬುಲೆಟ್ ತೂಗುವ ಸಣ್ಣ ಅಳತೆ) ಪೌಡರ್ ಎಂಬ ಅಂಕಿ ಇಲ್ಲಿ ಸಿಗುವುದಿಲ್ಲ. ಬೇಕೆಂದೇ ಕೊಟ್ಟಿಲ್ಲ. ಆ ಅಂಕಿ ಪೌಡರ್ ಅಥವಾ ಬುಲೆಟ್ ತಯಾರಕರ ಇತ್ತೀಚಿನ ಮ್ಯಾನ್ಯುಯಲ್‌ನಿಂದಲೇ ಬರಬೇಕು. ಯಾರೋ ಬರೆದದ್ದನ್ನು ನಕಲು ಮಾಡಿದಾಗ ಒಂದು ಅಂಕಿ ಆಚೀಚೆಯಾದರೆ ಅದಕ್ಕೆ ಬೆಲೆ ತೆರುವುದು ಕಣ್ಣು, ಕೈ. ಮ್ಯಾನ್ಯುಯಲ್‌ನ ಪುಟ ತೆರೆಯುವ ಮುಂಚೆ ಮತ್ತು ಮುಚ್ಚಿದ ಮೇಲೆ ತಿಳಿದಿರಬೇಕಾದದ್ದನ್ನು ಇಲ್ಲಿ ಹೇಳುತ್ತೇವೆ.

ಪ್ರ: ನನ್ನ ಬಳಿ ಎಂ1 ಗ್ಯಾರಂಡ್ (ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೈನ್ಯ ಬಳಸಿದ ಸೆಮಿ-ಆಟೋಮ್ಯಾಟಿಕ್ ರೈಫಲ್) ಇದೆ. ಗೆಳೆಯನ ಬೋಲ್ಟ್-ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯುವ) ರೈಫಲ್‌ಗೂ ಅದೇ .30-06 ಅಳತೆಯ ತೋಟಾ. ಅವನು ಐಎಂಆರ್ 4350 ಪೌಡರ್, 180 ಗ್ರೇನ್ ಬುಲೆಟ್ ಬಳಸುತ್ತಾನೆ, ಗುಂಡುಗಳು ಗುರಿಯಲ್ಲಿ ಬಹಳ ಹತ್ತಿರಹತ್ತಿರ ಬೀಳುತ್ತವೆ. ಮ್ಯಾನ್ಯುಯಲ್ ಪ್ರಕಾರ ಒತ್ತಡವೂ ಮಿತಿಯೊಳಗೇ ಇದೆ. ಅದೇ ಲೋಡ್ ನಾನೂ ಹೊಡೆಯಬಹುದೇ?

ಉ: ಬೇಡ. ತೋಟಾ ಒಂದೇ ಆದರೂ ರೈಫಲ್ ಒಂದೇ ಅಲ್ಲ.

ಬೋಲ್ಟ್-ಆ್ಯಕ್ಷನ್‌ನಲ್ಲಿ ಬುಲೆಟ್ ನಳಿಗೆ ದಾಟಿದರೆ ಪೌಡರ್‌ನ ಕೆಲಸ ಮುಗಿಯಿತು. ಗ್ಯಾರಂಡ್‌ನಲ್ಲಿ ಹಾಗಲ್ಲ. ಅದರ 24 ಇಂಚಿನ ಬ್ಯಾರೆಲ್‌ನಲ್ಲಿ ಗ್ಯಾಸ್ ಪೋರ್ಟ್ ಇರುವುದು ಬಾಯಿಯ ಹತ್ತಿರ, ತುದಿಯಿಂದ ಸುಮಾರು ಒಂದೂವರೆ ಇಂಚು ಹಿಂದೆ. ಬುಲೆಟ್ ಆ ರಂಧ್ರ ದಾಟಿದ ಕ್ಷಣದಿಂದ ಬಾಯಿ ಬಿಡುವವರೆಗೆ ಅನಿಲ ಕೆಳಗಿನ ಸಿಲಿಂಡರ್‌ಗೆ ನುಗ್ಗಿ, ಆಪರೇಟಿಂಗ್ ರಾಡನ್ನು ಹಿಂದಕ್ಕೆ ತಳ್ಳುತ್ತದೆ. ಆ ರಾಡ್ ಉದ್ದ, ತೆಳು, ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ಜಾಗ ಮಾಡಿಕೊಳ್ಳಲೆಂದು ತುಸು ಬಾಗಿಸಿಯೇ ಮಾಡಿರುವಂಥದ್ದು. ಹೆಚ್ಚು ಒತ್ತಡ ಬಿದ್ದರೆ ಬಾಗಬಾರದ ಕಡೆ ಬಾಗುತ್ತದೆ. ಬೋಲ್ಟ್ ಹಿಂದಕ್ಕೆ ಬಂದು ರಿಸೀವರ್‌ನ ಹಿಮ್ಮಡಿಗೆ ಬಡಿಯುವ ವೇಗವೂ ಹೆಚ್ಚುತ್ತದೆ. ಇಂಥ ಏಟು ತಿನ್ನುತ್ತಾ ಹೋದರೆ ಆ ಹಿಮ್ಮಡಿ ಬಿರುಕು ಬಿಡಬಹುದು.

ಇಲ್ಲಿ ನೋಡಬೇಕಾದ ಒತ್ತಡ ಎರಡು. ಒಂದು ಚೇಂಬರ್ ಒತ್ತಡ, ಅಂದರೆ ಬ್ಯಾರೆಲ್‌ನ ಬುಡದಲ್ಲಿ ತೋಟಾ ಕೂರುವ ಗೂಡಿನೊಳಗಿನ ಒತ್ತಡ. ಅಮೆರಿಕದ ತೋಟಾ ತಯಾರಕರ ಸಂಸ್ಥೆಯಾದ ಸಾಮಿ .30-06ಗೆ ಹಾಕಿರುವ ಗರಿಷ್ಠ ಮಿತಿ ಚದರ ಇಂಚಿಗೆ 60,000 ಪೌಂಡ್. ಮ್ಯಾನ್ಯುಯಲ್ ನಿಮಗೆ ಭರವಸೆ ಕೊಡುವುದು ಇದರ ಬಗ್ಗೆ ಮಾತ್ರ. ಇನ್ನೊಂದು ಪೋರ್ಟ್ ಒತ್ತಡ, ಅಂದರೆ ಬುಲೆಟ್ ಗ್ಯಾಸ್ ಪೋರ್ಟ್ ದಾಟುವಾಗ ಬ್ಯಾರೆಲ್‌ನಲ್ಲಿ ಉಳಿದಿರುವ ಒತ್ತಡ. ಸಾಮಾನ್ಯ ಕೋಷ್ಟಕಗಳಲ್ಲಿ ಇದು ಇರುವುದೇ ಇಲ್ಲ. 4350, 4831ನಂಥ ನಿಧಾನ ಪೌಡರ್‌ಗಳ ಚಾರ್ಜ್ ಹೆಚ್ಚು, ಉರಿ ನಿಧಾನ. ಹಾಗಾಗಿ ಚೇಂಬರ್‌ನಲ್ಲಿ ಸಾಧುವಾಗಿ ಕಂಡರೂ ಬ್ಯಾರೆಲ್‌ನ ಕೊನೆಯಲ್ಲಿ ಹೆಚ್ಚು ಒತ್ತಡ ಉಳಿಸುತ್ತವೆ. ಗೆಳೆಯನ ರೈಫಲ್‌ಗೆ ಅದರಿಂದ ಲಾಭವೇ. ನಿಮ್ಮ ರಾಡ್‌ಗೆ ಏಟು.

ಪ್ರೈಮರ್ ಚಪ್ಪಟೆಯಾಗದೆ, ಕೇಸ್ ಸಲೀಸಾಗಿ ಹೊರಬರುತ್ತಿದ್ದರೂ ರಾಡ್ ಬಾಗುತ್ತಿರಬಹುದು ಎಂಬುದೇ ಇದರ ಮೋಸ.

ಹಳೆಯ ನಿಯಮವನ್ನೇ ಹಿಡಿಯಿರಿ: ಉರಿಯುವ ವೇಗದಲ್ಲಿ ಐಎಂಆರ್ 3031ಕ್ಕಿಂತ ಚುರುಕಾದದ್ದೂ ಬೇಡ, ಐಎಂಆರ್ 4320ಕ್ಕಿಂತ ನಿಧಾನದ್ದೂ ಬೇಡ. ನಡುವೆ ಇರುವ ಐಎಂಆರ್ 4895, ಎಚ್4895, ಐಎಂಆರ್ 4064 ಈ ರೈಫಲ್‌ಗೆ ಹೇಳಿ ಮಾಡಿಸಿದವು. ಬುಲೆಟ್ 147ರಿಂದ 175 ಗ್ರೇನ್ ಒಳಗಿರಲಿ. ಸೈನ್ಯದ ಎಂ2 ಬಾಲ್ ತೋಟಾದ್ದು ಸುಮಾರು 150 ಗ್ರೇನ್ ಬುಲೆಟ್, ವೇಗ ಸೆಕೆಂಡಿಗೆ 2,740 ಅಡಿಯ ಆಸುಪಾಸು. ನಿಮ್ಮ ಗುರಿಯೂ ಅದೇ ಇರಲಿ, ಮೀರಿಸುವ ಹಟ ಬೇಡ. ಹಾರ್ನಡಿ ಮ್ಯಾನ್ಯುಯಲ್‌ನಲ್ಲಿ ಗ್ಯಾರಂಡ್‌ಗೆಂದೇ ಪ್ರತ್ಯೇಕ ಭಾಗವಿದೆ. ಸಾಮಾನ್ಯ .30-06 ಪುಟ ಬಿಟ್ಟು ಅದನ್ನೇ ತೆರೆಯಿರಿ. ಎರಡೂ ಪುಟಗಳ ಗರಿಷ್ಠ ಚಾರ್ಜ್ ಅಕ್ಕಪಕ್ಕ ಇಟ್ಟು ನೋಡಿದರೆ ನಾವು ಹೇಳುತ್ತಿರುವುದು ನಿಮಗೇ ಕಾಣುತ್ತದೆ.

ಪ್ರ: ಹೊಂದಿಸಬಹುದಾದ ಗ್ಯಾಸ್ ಪ್ಲಗ್ ಹಾಕಿಸಿದರೆ ನಿಧಾನ ಪೌಡರ್ ಬಳಸಬಹುದು ಎನ್ನುತ್ತಾರೆ. ನಿಜವೇ?

ಉ: ಅರ್ಧ ನಿಜ. ಅಂಥ ಪ್ಲಗ್ ಸಿಲಿಂಡರ್‌ನ ಹೆಚ್ಚುವರಿ ಅನಿಲವನ್ನು ಮುಂದಕ್ಕೆ ಬಿಟ್ಟು ರಾಡ್‌ನ ವೇಗ ತಗ್ಗಿಸುತ್ತದೆ. ಚೇಂಬರ್ ಒತ್ತಡವನ್ನು ಒಂದಿಷ್ಟೂ ಇಳಿಸುವುದಿಲ್ಲ. ಅಂಗಡಿಯ ಬೇಟೆ ತೋಟಾ ಹೊಡೆಯಲೇಬೇಕಾದವರಿಗೆ ಅದು ಉಪಯುಕ್ತ. ಹೊಂದಿಸುವಾಗ ಪೂರ್ತಿ ತೆರೆದ ಸ್ಥಿತಿಯಿಂದ ಶುರು ಮಾಡಿ, ಖಾಲಿ ಕೇಸ್ ಹೊರಬಿದ್ದು, ಕೊನೆಯ ಗುಂಡಿನ ನಂತರ ಕ್ಲಿಪ್ ಹಾರಿ ಬೋಲ್ಟ್ ಹಿಂದೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಆದರೆ ಕೈಯಲ್ಲೇ ತೋಟಾ ತುಂಬಿಸುವವರು ಸರಿಯಾದ ಪೌಡರ್ ಆರಿಸಿಕೊಳ್ಳುವುದು ಬಿಟ್ಟು ತಪ್ಪು ಪೌಡರ್‌ಗೆ ಪ್ಲಗ್ ಹುಡುಕುವುದರಲ್ಲಿ ಅರ್ಥವಿಲ್ಲ.

ಪ್ರ: ಐಎಂಆರ್ 4895 ಸಿಗಲಿಲ್ಲ, ಎಚ್4895 ಸಿಕ್ಕಿತು. ಸಂಖ್ಯೆ ಒಂದೇ ಅಲ್ಲವೇ, ಅದೇ ಚಾರ್ಜ್ ನಡೆಯುತ್ತದೆಯೇ?

ಉ: ನಡೆಯುವುದಿಲ್ಲ. ಸಂಖ್ಯೆ ಒಂದೇ, ಪೌಡರ್ ಬೇರೆ, ಕೋಷ್ಟಕ ಬೇರೆ. ಎರಡನೇ ಮಹಾಯುದ್ಧದ ನಂತರ ಬ್ರೂಸ್ ಹಾಡ್ಜ್‌ಡನ್ ಸರ್ಕಾರದ ಬಳಿ ಉಳಿದಿದ್ದ 4895 ಕೊಂಡು ಹವ್ಯಾಸಿಗಳಿಗೆ ಮಾರಿದ್ದರಿಂದ ಆ ಸಂಖ್ಯೆ ಜನಪ್ರಿಯವಾಯಿತು. ಈಗ ಸಿಗುವ ಎಚ್4895 (ಎಚ್ ಎಂದರೆ ಹಾಡ್ಜ್‌ಡನ್), ಐಎಂಆರ್ 4895 ಎರಡೂ ಬೇರೆಬೇರೆ ಉತ್ಪನ್ನಗಳು. ಈ ಜೋಡಿಯಲ್ಲಿ ವೇಗದ ಅಂತರ ಸಣ್ಣದು. ಆದರೆ ಎಚ್4831 ಮತ್ತು ಐಎಂಆರ್ 4831 ಜೋಡಿಯಲ್ಲಿ ಐಎಂಆರ್ ಗಮನಾರ್ಹವಾಗಿ ಚುರುಕು. ಎಚ್‌ನ ಗರಿಷ್ಠ ಚಾರ್ಜನ್ನು ಐಎಂಆರ್‌ನಲ್ಲಿ ತುಂಬಿದರೆ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಅಕ್ಷರವನ್ನೂ ಅಂಕಿಯಷ್ಟೇ ನಿಗಾ ಇಟ್ಟು ಓದಿ.

ಉರಿವೇಗದ ಪಟ್ಟಿಗಳು ಯಾವ ಪೌಡರ್ ಯಾವುದರ ಹಿಂದೆ ಎಂಬ ಕ್ರಮ ತೋರಿಸುತ್ತವೆ ಅಷ್ಟೆ. ಪಟ್ಟಿಯಲ್ಲಿ ಎರಡು ಹೆಸರು ಅಕ್ಕಪಕ್ಕ ಇವೆ ಎಂದು ಒಂದರ ಚಾರ್ಜನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಎಚ್4895 ನಿಮಗೆ ಸಿಕ್ಕಿದ್ದು ಒಳ್ಳೆಯದೇ. ಅದು ಹಾಡ್ಜ್‌ಡನ್‌ನ ಎಕ್ಸ್‌ಟ್ರೀಮ್ ಸಾಲಿಗೆ ಸೇರಿದ್ದು. ಬಿಸಿಲು, ಚಳಿಗೆ ಅದರ ವೇಗ ಕಡಿಮೆ ಏರಿಳಿಯುತ್ತದೆ. ಚಳಿಗಾಲದಲ್ಲಿ ಹೊಂದಿಸಿದ ಲೋಡನ್ನು ಬೇಸಿಗೆಯ ರೇಂಜಿನಲ್ಲಿ ಹೊಡೆಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಐಎಂಆರ್ 4064ರ ನಿಖರತೆ ಬಹಳ ಚೆನ್ನಾಗಿದೆ, ಆದರೆ ಅದರ ಕಣಗಳು ಉದ್ದುದ್ದ ಕಡ್ಡಿಗಳು. ಪೌಡರ್ ಮೆಷರ್‌ನ ಡ್ರಮ್ ತಿರುಗಿಸುವಾಗ ಕಡ್ಡಿ ಅಡ್ಡ ಸಿಕ್ಕಿ ಕರಕ್ ಎಂದು ತುಂಡಾಗುತ್ತದೆ, ಚಾರ್ಜ್ ಏರುಪೇರಾಗುತ್ತದೆ. ಇದನ್ನು ಬಳಸುವವರು ಮೆಷರ್‌ನಿಂದ ಸ್ವಲ್ಪ ಕಡಿಮೆ ಹಾಕಿ, ಉಳಿದದ್ದನ್ನು ತಕ್ಕಡಿಯ ಮೇಲೆ ಟ್ರಿಕ್ಲರ್‌ನಿಂದ ಉದುರಿಸಿ ಸರಿದೂಗಿಸಬೇಕು.

ಪ್ರ: ಟ್ರಿಗರ್ ಮುಟ್ಟದೆ ಬೋಲ್ಟ್ ಮುಚ್ಚಿದಾಗಲೇ ಗುಂಡು ಹಾರುವ 'ಸ್ಲ್ಯಾಮ್-ಫೈರ್' ಬಗ್ಗೆ ಓದಿ ಭಯವಾಗಿದೆ. ಪ್ರೈಮರ್ ಬದಲಿಸಿದರೆ ಸಾಕೇ?

ಉ: ಸಾಲದು. ಪ್ರೈಮರ್ ಒಂದು ಕಾರಣ ಮಾತ್ರ.

ಗ್ಯಾರಂಡ್, ಅದರ ವಂಶದ ಎಂ1ಎ, ಸೈನ್ಯದ ಎಂ16ರ ನಾಗರಿಕ ರೂಪವಾದ ಎಆರ್-15 ಇವುಗಳಲ್ಲಿ ಫೈರಿಂಗ್ ಪಿನ್ ಸ್ವತಂತ್ರವಾಗಿ ತೇಲುತ್ತದೆ, ಹಿಂದಕ್ಕೆ ಎಳೆದು ಹಿಡಿಯುವ ಸ್ಪ್ರಿಂಗ್ ಇಲ್ಲ. ಬೋಲ್ಟ್ ರಭಸದಿಂದ ಮುಂದೆ ಬಂದು ತಟ್ಟನೆ ನಿಂತಾಗ ಪಿನ್ ತನ್ನ ಓಟದಲ್ಲೇ ಮುಂದೆ ಹೋಗಿ ಪ್ರೈಮರ್‌ಗೆ ಮೆಲ್ಲಗೆ ತಾಗುತ್ತದೆ. ಕ್ಲಿಪ್‌ನಿಂದ ಚೇಂಬರ್‌ಗೆ ಹೋದ ತೋಟಾವನ್ನು ಹೊಡೆಯದೆ ಹೊರತೆಗೆದು ನೋಡಿ: ಪ್ರೈಮರ್‌ನ ನಡುವೆ ಗುಂಡುಸೂಜಿಯ ಮೊನೆ ಒತ್ತಿದಷ್ಟು ಸಣ್ಣ ಗುಳಿ ಕಾಣುತ್ತದೆ. ಈ ರೈಫಲ್‌ಗಳಲ್ಲಿ ಅದು ಸಹಜ. ಆದರೆ ಅದೇ ತೋಟಾವನ್ನು ಮತ್ತೆ ಮತ್ತೆ ಚೇಂಬರ್ ಮಾಡಬೇಡಿ.

ಸಹಜವಾದ ಈ ತಾಗುವಿಕೆಯನ್ನು ಸ್ಫೋಟವಾಗಿಸುವ ಕಾರಣಗಳು ಬೇರೆ. ಮೊದಲನೆಯದು, ಎತ್ತರ ಕೂತ ಪ್ರೈಮರ್. ಪ್ರೈಮರ್ ಕೇಸ್‌ನ ತಳದ ಮಟ್ಟಕ್ಕಿಂತ 0.003ರಿಂದ 0.005 ಇಂಚು ಒಳಗೆ ಕೂರಬೇಕು. ಕೂರಿಸಿದ ಪ್ರತಿಯೊಂದರ ಮೇಲೂ ತೋರುಬೆರಳು ಸವರಿ. ಗುಳಿಯಂತೆ ಅನ್ನಿಸಬೇಕು; ಸಮತಟ್ಟು ಅನ್ನಿಸಿದರೂ ಅದನ್ನು ಪಕ್ಕಕ್ಕಿಡಿ. ಪ್ರೈಮರ್ ಕೂರುವ ಪಾಕೆಟ್‌ನ ತಳದಲ್ಲಿ ಹಳೆಯ ಕರಿ ಗಟ್ಟಿಯಾಗಿದ್ದರೆ, ಇಲ್ಲವೇ ಸೈನ್ಯದ ಕೇಸ್‌ನ ಕ್ರಿಂಪ್ (ಪ್ರೈಮರ್ ಬಿಗಿಹಿಡಿಯಲು ಒತ್ತಿದ ಅಂಚು) ಪೂರ್ತಿ ತೆಗೆಯದಿದ್ದರೆ ಪ್ರೈಮರ್ ಎತ್ತರ ಉಳಿಯುತ್ತದೆ. ಕ್ರಿಂಪನ್ನು ರೀಮರ್‌ನಿಂದ ಕೆರೆಯಬಹುದು, ಸ್ವೇಜರ್‌ನಿಂದ ಒತ್ತಬಹುದು. ರೀಮರ್ ಹಾಕುವಾಗ ಕೈ ವಾಲಿದರೆ ಪಾಕೆಟ್ ಅಗಲವಾಗಿ ಪ್ರೈಮರ್ ಸಡಿಲವಾಗುತ್ತದೆ. ಹೊಸಬರಿಗೆ ಸ್ವೇಜರ್ ಉತ್ತಮ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು, ಸರಿಯಾಗಿ ಸೈಜ್ ಆಗದ, ಅಂದರೆ ಡೈ ಎಂಬ ಅಚ್ಚಿನಲ್ಲಿ ಒತ್ತಿದರೂ ಮೂಲ ಅಳತೆಗೆ ಬಾರದ ಕೇಸ್. ಭುಜ (ಕೇಸ್ ಕತ್ತಿನ ಕಡೆಗೆ ಕಿರಿದಾಗುವ ಭಾಗ) ಉದ್ದವಿದ್ದರೆ ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಕೇಸ್ ಚೇಂಬರ್‌ಗೆ ಬಿಗಿದು ನಿಲ್ಲುತ್ತದೆ. ಆ ಹೊತ್ತಿಗೆ ಪ್ರೈಮರ್ ಸಿಡಿದರೆ ಬೋಲ್ಟ್‌ನ ಬೀಗ ಬಿದ್ದಿರುವುದಿಲ್ಲ. ರೈಫಲ್ ಒಡೆಯುವ ಅಪಘಾತ ಇದೇ. ಬೀಗ ಬಿದ್ದ ಮೇಲೆ ಆಗುವ ಸ್ಲ್ಯಾಮ್-ಫೈರ್‌ನಲ್ಲಿ ಬಂದೂಕಿನ ಬಾಯಿ ಗುರಿಯ ಕಡೆಗಿದ್ದರೆ ಗಾಬರಿ ಮಾತ್ರ ಉಳಿಯುತ್ತದೆ. ಬೀಗ ಬೀಳದೆ ಆದರೆ ಕೇಸ್ ಹರಿದು ಅನಿಲವೂ ಲೋಹದ ಚೂರುಗಳೂ ಮುಖದ ಕಡೆ ಬರುತ್ತವೆ.

ಮೂರನೆಯದು ತೆಳು ಕವಚದ, ಸೂಕ್ಷ್ಮ ಪ್ರೈಮರ್. ಫೆಡರಲ್ 210 ನಿಖರತೆಗೆ ಹೆಸರಾದದ್ದು, ಆದರೆ ಸೂಕ್ಷ್ಮ, ಗ್ಯಾರಂಡ್‌ನಲ್ಲಿ ಬೇಡ. ಸೈನ್ಯದ ಮಟ್ಟಕ್ಕೆ ಮಾಡಿದ ಸಿಸಿಐ 34 ದೊಡ್ಡ ರೈಫಲ್ ತೋಟಾಗಳಿಗೆ, ಸಿಸಿಐ 41 ಸಣ್ಣವಕ್ಕೆ. ಎಆರ್-15ಕ್ಕೆ ತೆಳು ಕವಚದ ಸಿಸಿಐ 400, ರೆಮಿಂಗ್ಟನ್ ಆರೂವರೆ ಬಳಸಬೇಡಿ. ರೆಮಿಂಗ್ಟನ್ ಏಳೂವರೆ ಸರಿ. 34, 41 ಎರಡರಲ್ಲೂ ಇರುವುದು ಮ್ಯಾಗ್ನಂ ಪ್ರೈಮರ್‌ನ ಮಿಶ್ರಣ. ಹಾಗಾಗಿ ಪ್ರೈಮರ್ ಬದಲಿಸಿದರೆ ಹಳೆಯ ಚಾರ್ಜಿನಲ್ಲೇ ಮುಂದುವರಿಯಬೇಡಿ, ಕೆಳಗಿನಿಂದ ಮತ್ತೆ ಹತ್ತಿಸಿಕೊಂಡು ಬನ್ನಿ.

ನಾಲ್ಕನೆಯದು ಅಭ್ಯಾಸದ ತಪ್ಪು: ಒಂದೇ ತೋಟಾವನ್ನು ಬೆರಳಿನಿಂದ ಚೇಂಬರ್‌ಗೆ ತಳ್ಳಿ ಬೋಲ್ಟನ್ನು ಹಾಗೇ ಬಿಡುವುದು. ಕ್ಲಿಪ್ ಅಥವಾ ಮ್ಯಾಗಜಿನ್‌ನಿಂದ ತೋಟಾ ಎಳೆದುಕೊಂಡು ಹೋಗುವಾಗ ಬೋಲ್ಟ್‌ನ ವೇಗ ತಗ್ಗುತ್ತದೆ. ಹೀಗೆ ಬಿಟ್ಟರೆ ಅದು ಪೂರ್ತಿ ರಭಸದಿಂದ ಬಡಿಯುತ್ತದೆ. ಒಂದೊಂದೇ ಹೊಡೆಯಬೇಕಿದ್ದರೆ ಗ್ಯಾರಂಡ್‌ಗೆ 'ಸ್ಲೆಡ್' ಎಂಬ ಒಂಟಿ ತೋಟಾದ ಕ್ಲಿಪ್ ಸಿಗುತ್ತದೆ.

ಇವುಗಳ ಜೊತೆಗೆ ಪಿನ್ ಓಡುವ ರಂಧ್ರ ಸ್ವಚ್ಛವಾಗಿರಬೇಕು. ಸೋವಿಯತ್ ಮಾದರಿಯ ಎಸ್‌ಕೆಎಸ್ ರೈಫಲ್ ಕೊಂಡವರು ಇದನ್ನು ಮರೆಯಲೇಬಾರದು. ಸಂಗ್ರಹಾಗಾರದ ಗಟ್ಟಿ ಗ್ರೀಸ್ ಬೋಲ್ಟ್‌ನೊಳಗೆ ಉಳಿದು ಪಿನ್ ಮುಂದೆಯೇ ಅಂಟಿಕೊಂಡರೆ ಬೋಲ್ಟ್ ಮುಚ್ಚಿದ ತಕ್ಷಣ ಗುಂಡು ಹಾರುತ್ತದೆ. ಬೋಲ್ಟ್ ಅಲುಗಾಡಿಸಿದರೆ ಪಿನ್ ಒಳಗೆ ಟಕಟಕ ಸದ್ದು ಮಾಡಬೇಕು.

ಪ್ರ: ಬೋಲ್ಟ್-ಆ್ಯಕ್ಷನ್‌ಗೆ ಕೇಸ್‌ನ ಕತ್ತು ಮಾತ್ರ ಸೈಜ್ ಮಾಡುತ್ತಿದ್ದೆ. ಸೆಮಿ-ಆಟೋಗೆ ಏನು ಬದಲಿಸಬೇಕು?

ಉ: ಕತ್ತಿನ ಸೈಜಿಂಗ್ ಬಿಟ್ಟುಬಿಡಿ. ಸೆಮಿ-ಆಟೋಗೆ ಪ್ರತಿ ಸಲವೂ ಪೂರ್ಣ ಸೈಜಿಂಗ್.

ಭುಜವನ್ನು ಎಷ್ಟು ಹಿಂದಕ್ಕೆ ತಳ್ಳಬೇಕು ಎಂಬುದರಲ್ಲೇ ಕೆಲಸವಿದೆ. ಚೇಂಬರ್‌ಗಿಂತ 0.003ರಿಂದ 0.005 ಇಂಚು ಕಡಿಮೆ ಸಾಕು. ಕಡಿಮೆ ತಳ್ಳಿದರೆ ಬೋಲ್ಟ್ ಮುಚ್ಚದು. ಅತಿಯಾಗಿ ತಳ್ಳಿದರೆ ಪ್ರತಿ ಹೊಡೆತಕ್ಕೂ ಕೇಸ್ ಹಿಗ್ಗಿ ತಳದ ಹತ್ತಿರ ತೆಳುವಾಗುತ್ತದೆ. ಬೋಲ್ಟ್-ಆ್ಯಕ್ಷನ್‌ನವರು ಹೊಡೆದ ಕೇಸನ್ನು ಅಳೆದು ಅದರಿಂದ ಲೆಕ್ಕ ಹಾಕುತ್ತಾರೆ. ಸೆಮಿ-ಆಟೋದಲ್ಲಿ ಆ ಅಳತೆಯನ್ನು ಪೂರ್ತಿ ನಂಬುವಂತಿಲ್ಲ. ಒತ್ತಡ ಪೂರ್ತಿ ಇಳಿಯುವ ಮೊದಲೇ ಎಕ್ಸ್‌ಟ್ರಾಕ್ಟರ್ ಕೇಸನ್ನು ಎಳೆಯುವುದರಿಂದ ಹೊರಬಿದ್ದ ಕೇಸ್ ಚೇಂಬರ್‌ಗಿಂತ ಉದ್ದವಿರಬಹುದು. ಆದ್ದರಿಂದ ವಿಲ್ಸನ್‌ನಂಥ ಕೇಸ್ ಗೇಜ್ ಕೊಳ್ಳಿ. ಗೇಜ್‌ಗೆ ಹಾಕಿದ ಕೇಸ್‌ನ ತಳ ಅದರ ಎರಡು ಮೆಟ್ಟಿಲುಗಳ ನಡುವೆ ನಿಲ್ಲಬೇಕು. ಡೈ ಸೂಚನಾಪತ್ರದಲ್ಲಿ 'ಶೆಲ್‌ಹೋಲ್ಡರ್‌ಗೆ ತಾಗುವವರೆಗೆ ತಿರುಗಿಸಿ' ಎಂದಿರುವುದು ಶುರುವಿಗೆ ಮಾತ್ರ. ಕೊನೆಯ ತೀರ್ಪು ಗೇಜ್‌ನದು. ಗೇಜ್‌ನಲ್ಲಿ ಸರಿಯಿದ್ದೂ ಚೇಂಬರ್‌ನಲ್ಲಿ ಬಿಗಿಯಾದರೆ ಕೇಸ್‌ನ ಬುಡ ದಪ್ಪವಿರಬಹುದು. ಅದಕ್ಕೆ ಬುಡವನ್ನೂ ಕಿರಿದಾಗಿಸುವ ಸ್ಮಾಲ್-ಬೇಸ್ ಡೈ ಬೇಕು.

ಕೇಸ್‌ನ ಉದ್ದವೂ ಮುಖ್ಯ. .30-06ಗೆ ಗರಿಷ್ಠ 2.494 ಇಂಚು, ಕತ್ತರಿಸಬೇಕಾದದ್ದು 2.484ಕ್ಕೆ. .308ಕ್ಕೆ 2.015 ಮತ್ತು 2.005; .223ಕ್ಕೆ 1.760 ಮತ್ತು 1.750. ಸೈಜ್ ಮಾಡಿದ ಮೇಲೆ ಅಳೆಯಿರಿ, ಮೊದಲು ಅಳೆದರೆ ಪ್ರಯೋಜನವಿಲ್ಲ. ಕತ್ತು ಉದ್ದವಾದರೆ ಅದರ ಬಾಯಿ ಚೇಂಬರ್‌ನ ಅಂಚಿಗೆ ಸಿಕ್ಕಿ ಬುಲೆಟನ್ನು ಅಮುಕಿ ಹಿಡಿಯುತ್ತದೆ, ಒತ್ತಡ ಏರುತ್ತದೆ.

ಗ್ಯಾರಂಡ್‌ನಲ್ಲಿ ಒಂದು ಕೇಸ್ ನಾಲ್ಕೈದು ಸಲಕ್ಕಿಂತ ಹೆಚ್ಚು ಬೇಡ. ಅದಕ್ಕೂ ಮೊದಲೇ ಸೋತಿದೆಯೇ ಎಂದು ನೋಡಲು ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಚೂಪು ಮಾಡಿ, ಒಂದು ಮಿಲಿಮೀಟರ್‌ನಷ್ಟು ಅಡ್ಡ ಬಗ್ಗಿಸಿ. ಕೇಸ್‌ನೊಳಗೆ ತಳದವರೆಗೆ ಇಳಿಸಿ, ಗೋಡೆಗೆ ಒತ್ತಿ ಮೇಲಕ್ಕೆ ಎಳೆಯಿರಿ. ತಳದಿಂದ ಸ್ವಲ್ಪ ಮೇಲೆ ತುದಿ ಒಂದು ತೋಡಿಗೆ ಬಿದ್ದಂತೆ ಸಿಕ್ಕಿಕೊಂಡರೆ ಆ ಕೇಸ್ ಮುಂದಿನ ಹೊಡೆತಕ್ಕೆ ಎರಡು ತುಂಡಾಗುತ್ತದೆ. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಾಣಬಹುದು. ಅದು ಕಾಣುವವರೆಗೂ ಕಾಯಬೇಡಿ. ಒಂದು ಕೇಸ್‌ನಲ್ಲಿ ತೋಡು ಸಿಕ್ಕರೆ ಅಷ್ಟೇ ಸಲ ಹೊಡೆದ ಅದೇ ಗುಂಪಿನ ಎಲ್ಲವನ್ನೂ ಗುಜರಿಗೆ ಹಾಕಿ.

ಸೈನ್ಯದ 7.62 (.308ರ ಸೈನಿಕ ರೂಪ) ಕೇಸ್ ಬಳಸುವವರಿಗೆ ಇನ್ನೊಂದು ಮಾತು. ಅವುಗಳ ಗೋಡೆ ದಪ್ಪ, ಒಳಜಾಗ ಕಡಿಮೆ. ಅದೇ ಚಾರ್ಜ್ ಹೆಚ್ಚು ಒತ್ತಡ ಕೊಡುತ್ತದೆ. ಅಂಗಡಿಯ .308 ಕೇಸ್‌ನಲ್ಲಿ ಹೊಂದಿಸಿದ ಲೋಡನ್ನು ಇವಕ್ಕೆ ತರುವಾಗ ಕೆಳಗಿಳಿದು ಶುರು ಮಾಡಿ. .223ರ ಸೈನಿಕ ರೂಪವಾದ 5.56ರ ಕೇಸ್‌ಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇಲ್ಲ.

ಪ್ರ: ಬುಲೆಟನ್ನು ಕ್ರಿಂಪ್ ಮಾಡಲೇಬೇಕೇ, ಅಂದರೆ ಕೇಸ್‌ನ ಬಾಯಿಯನ್ನು ಅದರ ಸುತ್ತ ಒತ್ತಿ ಬಿಗಿಯಲೇಬೇಕೇ?

ಉ: ಬುಲೆಟ್‌ನಲ್ಲಿ ಕ್ಯಾನಲೂರ್ ಎಂಬ ಗೀರುಪಟ್ಟಿ ಇದ್ದರೆ ಹಗುರವಾಗಿ ಮಾಡಬಹುದು. ಇಲ್ಲದ ಬುಲೆಟ್‌ಗೆ ಕ್ರಿಂಪ್ ಒತ್ತಿದರೆ ಬುಲೆಟೂ ಕೆಡುತ್ತದೆ, ಭುಜವೂ ಉಬ್ಬುತ್ತದೆ. ಹಿಡಿತ ಬರಬೇಕಾದದ್ದು ಕತ್ತಿನ ಬಿಗಿಯಿಂದ: ಬುಲೆಟ್‌ನ ವ್ಯಾಸಕ್ಕಿಂತ ಕತ್ತಿನ ಒಳವ್ಯಾಸ 0.002 ಇಂಚಿನಷ್ಟು ಕಡಿಮೆ. ಪರೀಕ್ಷೆ ಸುಲಭ. ತೋಟಾದ ಒಟ್ಟು ಉದ್ದ ಅಳೆಯಿರಿ, ರೇಂಜಿನಲ್ಲಿ, ಬಂದೂಕಿನ ಬಾಯಿ ಗುರಿಯ ಕಡೆಗಿಟ್ಟು, ಮ್ಯಾಗಜಿನ್‌ನಿಂದ ಚೇಂಬರ್ ಮಾಡಿ ಹೊಡೆಯದೆ ತೆಗೆಯಿರಿ, ಮತ್ತೆ ಅಳೆಯಿರಿ. ಬುಲೆಟ್ ಒಳಸರಿದಿದ್ದರೆ ಬಿಗಿ ಸಾಲದು. ಒಳಸರಿದ ಬುಲೆಟ್ ಪೌಡರ್‌ನ ಜಾಗ ತಿಂದು ಒತ್ತಡ ಏರಿಸುತ್ತದೆ. ಒಟ್ಟು ಉದ್ದದ ಮಿತಿ .30-06ಗೆ 3.340 ಇಂಚು, .308ಕ್ಕೆ 2.810, .223ಕ್ಕೆ 2.260.

ಪ್ರ: ಎಆರ್-15ಕ್ಕೆ ದುಂಡು ಕಣಗಳ ಬಾಲ್ ಪೌಡರ್ ಒಳ್ಳೆಯದೋ, ಕಡ್ಡಿ ಪೌಡರೋ? ಬಾಲ್ ಪೌಡರ್ ಗಲೀಜು ಎನ್ನುತ್ತಾರೆ.

ಉ: ಆ ಮಾತಿಗೆ ಇತಿಹಾಸವಿದೆ. ಎಂ16 ರೈಫಲನ್ನು ರೂಪಿಸಿದ್ದು ಡ್ಯೂಪಾಂಟ್‌ನ ಐಎಂಆರ್ 4475 ಎಂಬ ಕಡ್ಡಿ ಪೌಡರ್‌ಗೆ. 1964ರಲ್ಲಿ ಸೈನ್ಯ ಡಬ್ಲ್ಯೂಸಿ 846 ಬಾಲ್ ಪೌಡರ್‌ಗೆ ಅನುಮತಿ ಕೊಟ್ಟಿತು. ಬುಲೆಟ್‌ನ ವೇಗ ಅದೇ ಇತ್ತು, ಆದರೆ ಪೋರ್ಟ್ ಒತ್ತಡ ಹೆಚ್ಚಾಗಿ ರೈಫಲ್‌ನ ಓಟ ಚುರುಕಾಯಿತು, ಕರಿಯೂ ಹೆಚ್ಚು ಕೂತಿತು. ವಿಯೆಟ್ನಾಂನಲ್ಲಿ ರೈಫಲ್‌ಗಳು ಸಿಕ್ಕಿಹಾಕಿಕೊಳ್ಳತೊಡಗಿದವು. ಚೇಂಬರ್‌ಗೆ ಕ್ರೋಮ್ ಲೇಪನವಿರಲಿಲ್ಲ, ಶುಚಿಗೊಳಿಸುವ ಸಲಕರಣೆಯೂ ಸೈನಿಕರಿಗೆ ಸರಿಯಾಗಿ ತಲುಪಿರಲಿಲ್ಲ. 1967ರಲ್ಲಿ ಅಮೆರಿಕ ಸಂಸತ್ತಿನ ಇಚೋರ್ಡ್ ಉಪಸಮಿತಿ ಇದನ್ನೆಲ್ಲ ವಿಚಾರಣೆ ಮಾಡಿತು. ಪೌಡರ್‌ನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಗ್ಯಾಸ್ ಟ್ಯೂಬ್‌ನಲ್ಲಿ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಅದರ ಪ್ರಮಾಣ ತಗ್ಗಿಸಲಾಯಿತು. ಗ್ಯಾರಂಡ್‌ನ ಪ್ರಶ್ನೆಯಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ: ವೇಗ ಒಂದೇ ಇದ್ದರೂ ಪೌಡರ್ ಬದಲಾದರೆ ರೈಫಲ್ ಬೇರೆಯೇ ಥರ ನಡೆದುಕೊಳ್ಳುತ್ತದೆ.

ಇವತ್ತಿನ ಬಾಲ್ ಪೌಡರ್‌ಗಳು ಚೆನ್ನಾಗಿವೆ. ಎಚ್335, ರಾಮ್‌ಶಾಟ್ ಟ್ಯಾಕ್, ಸಿಎಫ್‌ಇ 223 ಇವು ಮೆಷರ್‌ನಿಂದ ನೀರಿನಂತೆ ಹರಿಯುತ್ತವೆ, ಚಾರ್ಜ್ ಒಂದೇ ಸಮ ಬೀಳುತ್ತದೆ. ಒಂದೇ ಸಲಕ್ಕೆ ನೂರಾರು ತೋಟಾ ತುಂಬಿಸುವವರಿಗೆ ಅದೇ ದೊಡ್ಡ ಅನುಕೂಲ. ಎಚ್335ಗೆ ಬಿಸಿಲಿನ ಪ್ರಭಾವ ಹೆಚ್ಚು, ಗರಿಷ್ಠದ ಹತ್ತಿರ ತುಂಬಿಸಿ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ದೂರದ ಗುರಿಗೆ 69 ಅಥವಾ 77 ಗ್ರೇನ್ ಬುಲೆಟ್ ಹೊಡೆಯುವವರು ವಾರ್ಗೆಟ್ ಕಡೆ ಹೋಗುತ್ತಾರೆ. ಅದು ಕಡ್ಡಿ ಪೌಡರ್, ಋತು ಬದಲಾದರೂ ಹೆಚ್ಚು ಅಲುಗುವುದಿಲ್ಲ.

ಗ್ಯಾಸ್ ಟ್ಯೂಬಿನ ಉದ್ದವನ್ನೂ ನೋಡಿ. ಕಾರ್ಬೈನ್ ಉದ್ದದ್ದರಲ್ಲಿ ಪೋರ್ಟ್ ಚೇಂಬರ್‌ನಿಂದ ಸುಮಾರು 7 ಇಂಚು, ಮಿಡ್-ಲೆಂತ್‌ನಲ್ಲಿ 9, ರೈಫಲ್ ಉದ್ದದಲ್ಲಿ 12. ಪೋರ್ಟ್ ಹತ್ತಿರವಾದಷ್ಟೂ ಅಲ್ಲಿನ ಒತ್ತಡ ಹೆಚ್ಚು. ಹಾಗೆಯೇ, 5.56ರ ಕೋಷ್ಟಕವನ್ನು .223 ಎಂದು ಮುದ್ರೆಯಿರುವ ಬ್ಯಾರೆಲ್‌ಗೆ ಬಳಸಬೇಡಿ. .223 ಚೇಂಬರ್‌ನಲ್ಲಿ ಬುಲೆಟ್ ರೈಫ್ಲಿಂಗ್‌ಗೆ ಬೇಗ ತಾಗುವುದರಿಂದ ಒತ್ತಡ ಏರುತ್ತದೆ.

ಪ್ರ: ಒತ್ತಡ ಹೆಚ್ಚಾಗಿದೆ ಎಂದು ಹೇಗೆ ಗೊತ್ತುಮಾಡಿಕೊಳ್ಳುವುದು?

ಉ: ಬೋಲ್ಟ್-ಆ್ಯಕ್ಷನ್‌ನಲ್ಲಿ ಬೋಲ್ಟ್ ಎತ್ತಲು ಬಿಗಿಯಾದರೆ ಕೈಗೇ ತಿಳಿಯುತ್ತದೆ. ಸೆಮಿ-ಆಟೋ ಆ ಸೂಚನೆಯನ್ನು ನುಂಗಿಬಿಡುತ್ತದೆ. ಕೇಸ್‌ನ ತಳದಲ್ಲಿ ಎಜೆಕ್ಟರ್ ಒರೆಸಿದ ಹೊಳಪು ಗುರುತು, ಎಕ್ಸ್‌ಟ್ರಾಕ್ಟರ್ ಎಳೆದು ಬಾಗಿದ ಅಂಚು ಕಂಡರೆ ಚೇಂಬರ್ ಒತ್ತಡ ಹೆಚ್ಚಿರಬಹುದು, ಇಲ್ಲವೇ ಪೋರ್ಟ್ ಒತ್ತಡದಿಂದ ಬೋಲ್ಟ್ ಬೇಗ ಬಿಚ್ಚಿರಬಹುದು. ಎರಡರಲ್ಲಿ ಕಾರಣ ಯಾವುದೇ ಆಗಿದ್ದರೂ ಚಾರ್ಜ್ ಇಳಿಸಿ. ಚಪ್ಪಟೆಯಾದ ಪ್ರೈಮರ್, ಪಿನ್ ಗುಳಿಯ ಸುತ್ತ ಎದ್ದ ಅಂಚು, ಎರಡು ಮೂರು ಸಲಕ್ಕೇ ಸಡಿಲವಾದ ಪ್ರೈಮರ್ ಪಾಕೆಟ್ ಇವೂ ಲಕ್ಷಣಗಳೇ. ಇವು ಕಾಣಿಸಿಲ್ಲ ಎಂದರೆ ಒತ್ತಡ ಮಿತಿಯಲ್ಲಿದೆ ಎಂದು ಅರ್ಥವಲ್ಲ.

ನಂಬಬೇಕಾದ ಸಾಧನ ಬುಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್. ಅದೇ ಬ್ಯಾರೆಲ್ ಉದ್ದಕ್ಕೆ ಮ್ಯಾನ್ಯುಯಲ್ ಹೇಳಿದ ಗರಿಷ್ಠ ವೇಗ ಬಂದಿತೆಂದರೆ, ಚಾರ್ಜ್ ಗರಿಷ್ಠಕ್ಕಿಂತ ಕಡಿಮೆಯಿದ್ದರೂ ಅಲ್ಲಿಗೆ ನಿಲ್ಲಿಸಿ. ವೇಗ ಪುಕ್ಕಟೆ ಬರುವುದಿಲ್ಲ, ಒತ್ತಡದಿಂದಲೇ ಬರುತ್ತದೆ. ಮ್ಯಾನ್ಯುಯಲ್‌ನ ಆರಂಭಿಕ ಚಾರ್ಜಿನಿಂದ ಶುರು ಮಾಡಿ. ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದಕ್ಕಿಂತ 10 ಶೇಕಡ ಕೆಳಗಿನಿಂದ. .30-06ನಲ್ಲಿ ಅರ್ಧ ಗ್ರೇನ್, .223ರಲ್ಲಿ 0.2 ಗ್ರೇನ್ ಮೆಟ್ಟಿಲಿನಲ್ಲಿ ಹತ್ತಿ. ಬುಲೆಟ್, ಕೇಸ್, ಪ್ರೈಮರ್, ಪೌಡರ್‌ನ ಲಾಟ್ ಇವುಗಳಲ್ಲಿ ಒಂದು ಬದಲಾದರೂ ಮತ್ತೆ ಕೆಳಗಿನಿಂದ.

ಪ್ರ: ತೂಕದ ತಪ್ಪು ಆಗದಂತೆ ಮೇಜನ್ನು ಹೇಗೆ ಇಟ್ಟುಕೊಳ್ಳಬೇಕು?

ಉ: ಮೇಜಿನ ಮೇಲೆ ಒಂದೇ ಪೌಡರ್ ಡಬ್ಬಿ. ಎರಡನೆಯದು ಬೀರುವಿನಲ್ಲಿ. ಕೆಲಸ ಮುಗಿದ ತಕ್ಷಣ ಮೆಷರ್‌ನಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿಯಿರಿ. ರಾತ್ರಿಯಿಡೀ ಬಿಟ್ಟರೆ ಮರುದಿನ ಅದು ಯಾವ ಪೌಡರ್ ಎಂಬ ಅನುಮಾನ ಉಳಿಯುತ್ತದೆ, ಕೆಲವು ಪೌಡರ್‌ಗಳು ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ. ಯಾವುದೆಂದು ಗೊತ್ತಿಲ್ಲದ ಪೌಡರನ್ನು ಬಣ್ಣ, ಆಕಾರ ನೋಡಿ ಗುರುತಿಸಲು ಹೋಗಬೇಡಿ, ಬಿಸಾಡಿ.

ತಕ್ಕಡಿಯ ಗುಂಡಿ ಗ್ರೇನ್‌ನಲ್ಲಿದೆಯೇ, ಗ್ರಾಂನಲ್ಲಿದೆಯೇ ಎಂದು ಪ್ರತಿ ಸಲ ನೋಡಿ. ಒಂದು ಗ್ರೇನ್ ಅಂದರೆ 0.0648 ಗ್ರಾಂ. ಡಿಜಿಟಲ್ ತಕ್ಕಡಿ ಫ್ಯಾನಿನ ಗಾಳಿಗೆ, ಮೇಜಿನ ಮೇಲಿನ ಮೊಬೈಲಿಗೆ ಕೂಡ ಅಂಕಿ ಸರಿಸಬಲ್ಲದು. ನೀವು ಬಳಸುವ ಚಾರ್ಜಿಗೆ ಹತ್ತಿರದ ಪರೀಕ್ಷಾ ತೂಕದ ಬೊಟ್ಟು ಇಟ್ಟುಕೊಂಡು, ಶುರುವಿನಲ್ಲೂ ನಡುನಡುವೆಯೂ ಪರೀಕ್ಷಿಸಿ.

ತುಂಬಿಸಿದ ಕೇಸ್‌ಗಳನ್ನು ಐವತ್ತರ ಹಲಗೆಯಲ್ಲಿ ನಿಲ್ಲಿಸಿ, ಬುಲೆಟ್ ಕೂರಿಸುವ ಮೊದಲು ಟಾರ್ಚ್ ಬಿಟ್ಟು ಎಲ್ಲವುಗಳ ಒಳಮಟ್ಟ ನೋಡಿ. 4895 ಥರದ ಪೌಡರ್ .30-06 ಕೇಸನ್ನು ಮುಕ್ಕಾಲಿಗೂ ಮಿಕ್ಕಿ ತುಂಬುತ್ತದೆ. ಎರಡು ಸಲ ಬಿದ್ದರೆ ಚೆಲ್ಲಿ ಹೊರಬರುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಕಡಿಮೆ ಜಾಗ ಹಿಡಿಯುವ ಪಿಸ್ತೂಲ್ ಪೌಡರ್‌ನಲ್ಲಿ ಎರಡು ಚಾರ್ಜ್ ಬಿದ್ದರೂ ಗೊತ್ತಾಗದು. ಸೆಮಿ-ಆಟೋಗೆ ಅವು ಬೇಡವೇ ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಪ್ರ: ಹಗುರ ಲೋಡ್ ಹಾಕಿದೆ. ಕೇಸ್ ಹೊರಬಿದ್ದರೂ ಮುಂದಿನ ತೋಟಾ ಏರಲಿಲ್ಲ. ಒಮ್ಮೆ ಸದ್ದೂ ಮಂದವಾಗಿತ್ತು.

ಉ: ಮೊದಲನೆಯದು ಬೋಲ್ಟ್ ಪೂರ್ತಿ ಹಿಂದೆ ಹೋಗದ 'ಶಾರ್ಟ್ ಸ್ಟ್ರೋಕ್', ಚಾರ್ಜನ್ನು ಒಂದು ಮೆಟ್ಟಿಲು ಹತ್ತಿಸಿದರೆ ಸರಿಹೋಗಬಹುದು. ಗ್ಯಾರಂಡ್ ಆದರೆ ಮೊದಲು ರಾಡ್ ಮತ್ತು ಬೋಲ್ಟ್ ಲಗ್‌ಗೆ ಗ್ರೀಸ್ ಇದೆಯೇ ನೋಡಿ. ಎಚ್4895ನ್ನು ಗರಿಷ್ಠದ 60 ಶೇಕಡಕ್ಕೆ ಇಳಿಸಬಹುದು ಎಂದು ಹಾಡ್ಜ್‌ಡನ್ ಹೇಳುವುದು ನಿಜ, ಆದರೆ ಅಷ್ಟು ಇಳಿಸಿದರೆ ಸೆಮಿ-ಆಟೋ ಓಡುವುದಿಲ್ಲ. ನಿಧಾನ ಪೌಡರ್‌ಗಳಲ್ಲಿ ಕೋಷ್ಟಕದ ಕನಿಷ್ಠಕ್ಕಿಂತ ಕೆಳಗಿಳಿಯುವುದು ಬೇರೆಯದೇ ಅಪಾಯ; ತಡವಾಗಿ ಹೊತ್ತಿಕೊಳ್ಳುವುದು, ಒತ್ತಡ ಹಠಾತ್ತಾಗಿ ಏರುವುದು ಎರಡೂ ಸಂಭವ.

ಎರಡನೆಯದು, ಆ ಮಂದ ಸದ್ದು, ನಿಜಕ್ಕೂ ಗಂಭೀರ. ಬುಲೆಟ್ ಬ್ಯಾರೆಲ್‌ನಲ್ಲೇ ಸಿಕ್ಕಿರಬಹುದು. ಹಾಗಾದಾಗ ಬೋಲ್ಟನ್ನು ಕೈಯಿಂದ ಎಳೆದು ಮುಂದಿನದನ್ನು ಹೊಡೆಯಬೇಡಿ. ಬಾಯಿಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಆಮೇಲೆ ಮ್ಯಾಗಜಿನ್ ಅಥವಾ ಕ್ಲಿಪ್ ತೆಗೆದು ಚೇಂಬರ್ ಖಾಲಿ ಮಾಡಿ, ಕ್ಲೀನಿಂಗ್ ರಾಡ್ ಬಿಟ್ಟು ಬ್ಯಾರೆಲ್ ಪೂರ್ತಿ ತೆರೆದಿದೆಯೇ ನೋಡಿ. ಆ ಪೆಟ್ಟಿಗೆಯ ಉಳಿದ ತೋಟಾಗಳನ್ನು ಹೊಡೆಯಬೇಡಿ, ಬಿಚ್ಚಿ.

ಪ್ರ: ಪೌಡರ್, ಪ್ರೈಮರ್ ಮನೆಯಲ್ಲಿ ಎಷ್ಟು ಇಡಬಹುದು? ಹಳೆಯದು ಕೆಟ್ಟಿದೆಯೆಂದು ಹೇಗೆ ಗೊತ್ತಾಗುತ್ತದೆ?

ಉ: ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆಯಾದ ಎನ್‌ಎಫ್‌ಪಿಎ 495ರಂತೆ ಮನೆಯಲ್ಲಿ 20 ಪೌಂಡ್‌ವರೆಗೆ ಹೊಗೆರಹಿತ ಪೌಡರನ್ನು ಮೂಲ ಡಬ್ಬಿಗಳಲ್ಲಿ ಇಡಬಹುದು, 20ರಿಂದ 50 ಪೌಂಡ್ ಆದರೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000 ಮೀರಬಾರದು. ನಿಮ್ಮ ಊರಿನ ನಿಯಮ ಇದಕ್ಕಿಂತ ಬಿಗಿಯಿರಬಹುದು, ಅಗ್ನಿಶಾಮಕ ಕಚೇರಿಯಲ್ಲಿ ವಿಚಾರಿಸಿ. ಪೌಡರನ್ನು ಗಾಳಿಯಾಡದ ಉಕ್ಕಿನ ತಿಜೋರಿಯಲ್ಲಿ ಬಿಗಿದಿಡಬೇಡಿ. ಬೆಂಕಿ ಬಿದ್ದರೆ ಒತ್ತಡ ಹೊರಹೋಗಲು ದಾರಿಯಿರಬೇಕು.

ಒಳ್ಳೆಯ ಪೌಡರ್‌ಗೆ ಈಥರ್ ಅಥವಾ ಆಲ್ಕೋಹಾಲಿನ ಥರದ ವಾಸನೆ. ಕೆಟ್ಟದ್ದರ ವಾಸನೆ ಮೂಗಿಗೆ ಚುಚ್ಚುತ್ತದೆ, ಡಬ್ಬಿ ತೆರೆದಾಗ ಕೆಂಗಂದು ಹೊಗೆ ಅಥವಾ ತುಕ್ಕಿನ ಪುಡಿಯಂಥದ್ದು ಕಾಣುತ್ತದೆ. ಅಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ. ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ತೆಳುವಾಗಿ ಹರಡಿ ಮಣ್ಣಿಗೆ ಸೇರಿಸಿಬಿಡಿ.

ಪ್ರ: ನಾನು ತುಂಬಿಸಿದ ತೋಟಾಗಳನ್ನು ಕ್ಲಬ್ಬಿನ ಗೆಳೆಯರಿಗೆ ಮಾರಬಹುದೇ?

ಉ: ಸ್ವಂತಕ್ಕೆ ತುಂಬಿಸಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಡ. ವ್ಯಾಪಾರಕ್ಕೆ ಮಾಡಿದರೆ ತಯಾರಕರ 06ನೇ ಮಾದರಿ ಪರವಾನಗಿ ಬೇಕು. ಮಾರದೆ ಸುಮ್ಮನೆ ಕೊಡುವುದೂ ಬೇಡ ಎಂಬುದೇ ನಮ್ಮ ಸಲಹೆ. ನಿಮ್ಮ ಚೇಂಬರ್‌ಗೆ ಹೊಂದಿಸಿದ ಭುಜ, ನಿಮ್ಮ ಪೋರ್ಟ್‌ಗೆ ಹೊಂದಿಸಿದ ಚಾರ್ಜ್ ಅವರ ರೈಫಲ್‌ಗೆ ಹೊಂದಬೇಕೆಂದಿಲ್ಲ.